ನಾನು ನೋಡದೆ ಕೊಂಡ ಡಿವಿಡಿ ಒಂದೂ ಇಲ್ಲ

ತೀರ್ಥಹಳ್ಳಿ ಸೀಮೆಯಲ್ಲಿ ನಮ್ಮ ಮನೆತನವನ್ನು ಪರಿಚಯಿಸುವ ಅಗತ್ಯ ಸಾಮಾನ್ಯವಾಗಿ ಬರುವುದಿಲ್ಲ. ಊರಿನ ಮೊದಲ ಶಾಲೆಗೆ ಜಾಗ ಬಿಟ್ಟುಕೊಟ್ಟವರು ನಮ್ಮ ಮುತ್ತಜ್ಜ. ಅಜ್ಜ ಪಂಚಾಯ್ತಿಕೆಗೆ ಕೂತರೆ ಸೋತವರೂ ಅವರನ್ನು ಊಟಕ್ಕೆ ಕರೆಯುತ್ತಿದ್ದರು. ತಂದೆಯವರು ಕೊಟ್ಟ ಮಾತಿಗೆ ಯಾರೂ ಸಾಕ್ಷಿ ಕೇಳಿದ್ದಿಲ್ಲ. ನನ್ನನ್ನು ಮಂಗಳೂರಿನ ಕಾನ್ವೆಂಟಿನಲ್ಲಿ ಬಿಟ್ಟು ಓದಿಸಿದರು. ಅಲ್ಲಿನ ಸಿಸ್ಟರುಗಳು ಕಲಿಸಿದ ಎರಡು ವಿಷಯ ಇಂದಿಗೂ ಬಿಟ್ಟಿಲ್ಲ: ಬೆನ್ನು ನೆಟ್ಟಗಿಟ್ಟು ಕೂರುವುದು, ಓದದೆ ಯಾವುದಕ್ಕೂ ಸಹಿ ಹಾಕದಿರುವುದು.

ತಂದೆಯವರ ಹೆಸರಿನ ಟ್ರಸ್ಟಿನಿಂದ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಕೆಲವು ಶಾಲೆಗಳ ಗ್ರಂಥಾಲಯಕ್ಕೆ ನಾನು ಶೈಕ್ಷಣಿಕ ಡಿವಿಡಿಗಳನ್ನು ಕೊಡಿಸುತ್ತೇನೆ. ಈಗಿನ ಕಾಲದಲ್ಲಿ ಡಿವಿಡಿ ಏಕೆ ಎಂದು ಪೇಟೆಯವರು ಕೇಳುತ್ತಾರೆ. ಈ ಶಾಲೆಗಳಲ್ಲಿ ಮೊಬೈಲ್ ಸಿಗ್ನಲ್ ಬೇಕೆಂದರೆ ಮೇಷ್ಟ್ರು ನೀರಿನ ಟ್ಯಾಂಕ್ ಹತ್ತಬೇಕು. ಪಾಠವನ್ನು ಟ್ಯಾಂಕಿನ ಮೇಲೆ ನಡೆಸಲಾಗುವುದಿಲ್ಲ.

ಈ ಕೆಲಸದಲ್ಲಿ ಏನಾದರೊಂದು ನಡೆಯದ ತಿಂಗಳಿಲ್ಲ. ಇಷ್ಟು ದಿನ ಮನೆಯಲ್ಲಿ ಹೇಳಿ ಸುಮ್ಮನಾಗುತ್ತಿದ್ದೆ. ಆದರೆ ಕಳೆದ ತಿಂಗಳು ನಿಟ್ಟೂರಿನ ಆಚೆಯ ಒಂದು ಶಾಲೆಯ ಮುಖ್ಯೋಪಾಧ್ಯಾಯರು ಪೋಷಕರ ಸಭೆಯಲ್ಲಿ ಎದ್ದು ನಿಂತು, "ಮೇಡಂ ಕೊಡಿಸಿದ ಡಿವಿಡಿ ಒಂದೂ ಓಡಲ್ಲ. ನೋಡದೆ ತಂದು ಹಾಕಿದಾರೆ" ಎಂದರಂತೆ. ನಮ್ಮ ಮನೆಯವರ ಬಗ್ಗೆ ಸಭೆಯಲ್ಲಿ ಇಂಥ ಮಾತು ಬಂದದ್ದು ಇದೇ ಮೊದಲು. ಆದ್ದರಿಂದ ನಾನು ಡಿವಿಡಿ ಹೇಗೆ ಕೊಳ್ಳುತ್ತೇನೆ, ಕೊಂಡ ಮೇಲೆ ಅವಕ್ಕೆ ಏನಾಗುತ್ತದೆ ಎಂಬುದನ್ನು ಬರೆದಿಡುತ್ತಿದ್ದೇನೆ.

ಶೈಕ್ಷಣಿಕ ಎಂದರೆ

ಸಾಗರದ ಪೇಟೆಯಲ್ಲಿ ಹಿಂದೆ ಡಿವಿಡಿ ಮಾರುತ್ತಿದ್ದ ಒಂದು ಅಂಗಡಿ ಇದೆ. ಈಗ ಅಲ್ಲಿ ಮೊಬೈಲ್ ಕವರು ಮಾರುತ್ತಾರೆ. ಅಲ್ಲಿಗೆ ಹೋಗಿ ಮಕ್ಕಳಿಗೆ ಶೈಕ್ಷಣಿಕ ಡಿವಿಡಿ ಬೇಕು ಎಂದೆ.

"ಎಂತ ಮೇಡಂ, ಈಗ ಯಾರು ಡಿವಿಡಿ ತಗತಾರೆ? ಅಟ್ಟದ ಮೇಲೆ ಒಂದು ಚೀಲ ಉಂಟು. ಇಡೀ ಚೀಲ ತಗಂಡು ಹೋಗಿ" ಎಂದರು ಅಂಗಡಿಯವರು.

ಆರಿಸಿಯೇ ತೆಗೆದುಕೊಳ್ಳುತ್ತೇನೆ ಎಂದು ಸ್ಟೂಲ್ ತರಿಸಿಕೊಂಡು ಕೂತೆ. ಅವರು ಧೂಳು ಕೊಡವಿ ಒಂದನ್ನು ಕೈಗಿಟ್ಟರು. ಹೊದಿಕೆಯ ಮೇಲೆ ನಾಯಕ, ನಾಯಕಿ, ಒಂದು ಬೈಕು.

"ಇದರಲ್ಲಿ ಶಿಕ್ಷಣ ಎಲ್ಲಿದೆ?"

"ಇಡೀ ಪಿಕ್ಚರ್ ಕಾಲೇಜಲ್ಲೇ ನಡೆಯೋದು ಮೇಡಂ."

ಎರಡನೆಯದನ್ನು ಕೊಟ್ಟರು. ಅದರಲ್ಲಿ ನಾಯಕನ ಅಪ್ಪ ಮೇಷ್ಟ್ರಂತೆ. ಮೂರನೆಯದರ ಹೊದಿಕೆಯಲ್ಲಿ ಎಲ್ಲರ ಕೈಯಲ್ಲೂ ಮಚ್ಚು ಇತ್ತು. ನಾನು ಅದನ್ನು ಅವರ ಕಡೆಗೇ ತಿರುಗಿಸಿ ಹಿಡಿದೆ.

"ಓದದೇ ಇದ್ರೆ ಎಂತಾಗುತ್ತೆ ಅಂತ ಇದ್ರಲ್ಲಿ ತೋರ್ಸಿದಾರೆ" ಎಂದರು.

ಚೀಲದ ತಳದಲ್ಲಿ ಸೌರಮಂಡಲ, ಸಸ್ಯಗಳು, ಮಾನವ ದೇಹ ಎಲ್ಲ ಸಿಕ್ಕವು, ಸೀಲು ಒಡೆಯದೆ. ಇವು ಬೇಡ ಮೇಡಂ, ಯಾರೂ ನೋಡಲ್ಲ ಎಂದು ಅವರು ಪ್ರಾಮಾಣಿಕವಾಗಿ ಎಚ್ಚರಿಸಿದರು.

ಸಣ್ಣ ಕರುಳು ಮುಗಿಯುವವರೆಗೆ

ನಾನು ಪ್ರತಿ ಡಿವಿಡಿಯನ್ನೂ ಮೊದಲಿಂದ ಕೊನೆಯವರೆಗೆ ನೋಡಿಯೇ ಕೊಳ್ಳುವುದು. ತೀರ್ಥಹಳ್ಳಿ ಬಸ್ ನಿಲ್ದಾಣದ ಹತ್ತಿರದ ಅಂಗಡಿಯವರಿಗೆ ಇದು ಅಭ್ಯಾಸವಾಗಿ, ನಾನು ಹೋದರೆ ಟಿವಿಯ ಮುಂದೆ ಕುರ್ಚಿ ಹಾಕುತ್ತಾರೆ.

ಒಂದು ದಿನ ಹಾಕಿದ್ದು ಜೀರ್ಣಾಂಗಗಳ ಡಿವಿಡಿ. ಅನ್ನನಾಳ ಮುಗಿಯುವ ಹೊತ್ತಿಗೆ ಆಗುಂಬೆ ಬಸ್ಸಿಗೆ ಕಾಯುತ್ತಿದ್ದ ಏಳೆಂಟು ಜನ ಒಳಗೆ ಬಂದು ನಿಂತಿದ್ದರು. ಯಕೃತ್ತು ಕಳೆದು ಸ್ವಲ್ಪ ಮುಂದೆ ಹೋಗಿತ್ತು. ಹಿಂದಿನಿಂದ ಒಬ್ಬ ಹಿರಿಯರು, "ಅಮ್ಮಾ, ಸ್ವಲ್ಪ ಹಿಂದಕ್ಕೆ ಹಾಕ್ಸಿ. ಆ ಪಿತ್ತಕೋಶ ಇನ್ನೊಂದ್ಸಲ ನೋಡಣ" ಎಂದರು.

"ಏಕೆ?"

"ನಂದು ಹೋದ್ವರ್ಷ ತೆಗೆದು ಹಾಕಿದ್ರು. ಹ್ಯಾಂಗಿತ್ತು ಅಂತ ನಾನು ನೋಡೇ ಇರ್ಲಿಲ್ಲ."

ಹಿಂದಕ್ಕೆ ಹಾಕಿಸಿದೆ. ಅವರು ಟಿವಿಯ ಹತ್ತಿರ ಹೋಗಿ ಸಾವಕಾಶವಾಗಿ ನೋಡಿದರು. ಪಕ್ಕದವರಿಗೆ, "ಇಷ್ಟೇ ಇಷ್ಟಿದೆ ಮಾರಾಯ. ಇಷ್ಟಕ್ಕೆ ಐದು ದಿನ ಮಲಗ್ಸಿದ್ರು" ಎಂದರು. ಅವರ ದನಿಯಲ್ಲಿ ಸ್ವಲ್ಪ ನಿರಾಸೆ ಇತ್ತು.

ಅಷ್ಟರಲ್ಲಿ ಬಸ್ಸು ಬಂತು. ಯಾರೂ ಕದಲಲಿಲ್ಲ. ಕಂಡಕ್ಟರು ಜನರನ್ನು ಹುಡುಕಿಕೊಂಡು ಒಳಗೆ ಬಂದರು. ಬಂದವರು ಅಲ್ಲೇ ನಿಂತರು. ಡ್ರೈವರು ಹಾರ್ನ್ ಹೊಡೆದು ಹೊಡೆದು ಸಾಕಾಗಿ ತಾವೂ ಇಳಿದು ಬಂದು, "ಎಂತ ಆಗ್ತಾ ಇದೆ ಇಲ್ಲಿ?" ಎಂದರು. ಕಂಡಕ್ಟರು ತಿರುಗಿಯೂ ನೋಡದೆ, "ತಡಿ, ಸಣ್ಣ ಕರುಳು ಮುಗೀಲಿ" ಎಂದರು.

ವರ್ಷಕ್ಕೊಮ್ಮೆ ಪ್ರದರ್ಶನ

ಲಿಂಗನಮಕ್ಕಿ ಹಿನ್ನೀರಿನ ಕಡೆಯ ಒಂದು ಶಾಲೆಗೆ ಮೂರು ವರ್ಷದ ಹಿಂದೆ ಡಿವಿಡಿ ಕೊಟ್ಟಿದ್ದೆವು. ಹೇಗಿವೆ ಎಂದು ನೋಡಲು ಹೋದೆ. ಮುಖ್ಯೋಪಾಧ್ಯಾಯಿನಿ ಸೊಂಟದ ಕೀಲಿಯಿಂದ ಬೀರು ತೆರೆದರು. ಎಲ್ಲವೂ ನಾನು ಕೊಟ್ಟ ಸಾಲಿನಲ್ಲೇ ಇದ್ದವು.

"ಒಂದು ಗೆರೆ ಬಿದ್ದಿಲ್ಲ ನೋಡಿ ಮೇಡಂ" ಎಂದರು.

ಇಷ್ಟು ಚೆನ್ನಾಗಿ ಇಟ್ಟುಕೊಂಡವರನ್ನು ನಾನು ಬೇರೆಲ್ಲೂ ನೋಡಿಲ್ಲ ಎಂದು ಹೇಳಿ, ಮಕ್ಕಳಿಗೆ ತೋರಿಸುತ್ತೀರಲ್ಲ ಎಂದು ಕೇಳಿದೆ.

"ತಪ್ಪದೇ ತೋರಿಸ್ತೀವಿ. ವರ್ಷಕ್ಕೊಂದ್ಸಲ, ಎಲ್ಲ ಕ್ಲಾಸಿನವರಿಗೂ."

"ಎಲ್ಲಿ ತೋರಿಸುತ್ತೀರಿ? ಟಿವಿ ಕಾಣಲಿಲ್ಲ."

"ಇಲ್ಲೇ ಮೇಡಂ. ಸಾಲಾಗಿ ನಿಲ್ಸಿ, ಬೀರು ಬಾಗಿಲು ತೆಗೀತೀವಿ."

ಗುಪ್ತ ಪುಟ

ಇನ್ನು ನನ್ನನ್ನು ಸಭೆಯಲ್ಲಿ ದೂರಿದ ಶಾಲೆ. ಮಾತು ಕಿವಿಗೆ ಬಿದ್ದ ಮೂರನೆಯ ದಿನ ಅಲ್ಲಿಗೆ ಹೋದೆ. ಮುಖ್ಯೋಪಾಧ್ಯಾಯರು ಎದ್ದು ನಿಂತು ಕುರ್ಚಿ ಕೊಟ್ಟರು, ಕಾಫಿಗೆ ಹೇಳಿದರು. ನಡವಳಿಕೆಯಲ್ಲಿ ಕುಂದಿರಲಿಲ್ಲ.

"ಒಂದೂ ಓಡುವುದಿಲ್ಲ ಎಂದಿರಂತೆ."

"ಓಡಲ್ಲ ಮೇಡಂ. ನಿಮ್ಮ ಎದುರಿಗೇ ಹಾಕ್ತೀನಿ" ಎಂದು ಸೌರಮಂಡಲವನ್ನು ಪ್ಲೇಯರಿಗೆ ಹಾಕಿದರು. ಅದು ಒಂದಷ್ಟು ಹೊತ್ತು ಗೊರಗೊರ ಅಂದು, ಒಳಗೆ ಡಿಸ್ಕೇ ಇಲ್ಲ ಎಂದು ತೋರಿಸಿತು. "ನೋಡಿದ್ರಾ?"

ಹೊರಗೆ ತೆಗೆಸಿ ತಿರುಗಿಸಿ ನೋಡಿದೆ. ಹೊಳೆಯುವ ಮುಖದ ಮೇಲೆ ನೇರಳೆ ಶಾಯಿಯಲ್ಲಿ ಶಾಲೆಯ ದುಂಡು ಸೀಲು ಇತ್ತು. ಅದರ ಪಕ್ಕದಲ್ಲಿ ದಾಖಲಾತಿ ಸಂಖ್ಯೆ. ಅಂಚಿನ ಕಡೆಗೆ ಬಾಲ್‌ಪೆನ್ನಿನಲ್ಲಿ ಒತ್ತಿ ಬರೆದ ಮುಖ್ಯೋಪಾಧ್ಯಾಯರ ಸಹಿ. ಉಳಿದವನ್ನೂ ತರಿಸಿದೆ. ಎಲ್ಲವೂ ಹೀಗೆಯೇ.

ಯಾರು ಮಾಡಿದ್ದು ಎಂದು ಕೇಳಿದೆ. ಗ್ರಂಥಾಲಯ ನೋಡಿಕೊಳ್ಳುವ ಶಿಕ್ಷಕಿ ಮುಂದೆ ಬಂದರು.

"ನಾನೇ ಮೇಡಂ. ಗ್ರಂಥಾಲಯಕ್ಕೆ ಏನೇ ಬಂದ್ರೂ ಎರಡು ಕಡೆ ಸೀಲ್ ಹಾಕ್ಬೇಕು. ಒಂದು ಮುಖಪುಟಕ್ಕೆ, ಒಂದು ಗುಪ್ತ ಪುಟಕ್ಕೆ. ಯಾರಾದ್ರೂ ಕದ್ದು ಮುಖಪುಟ ಹರಿದ್ರೂ ಒಳಗಿನ ಸೀಲಿಂದ ನಮ್ಮದು ಅಂತ ಗೊತ್ತಾಗುತ್ತೆ."

"ಪುಸ್ತಕಕ್ಕೆ ಸರಿ. ಡಿವಿಡಿಯಲ್ಲಿ ಗುಪ್ತ ಪುಟ ಎಲ್ಲಿದೆ?"

"ಅದನ್ನೇ ಸ್ಟಾಫ್ ಮೀಟಿಂಗಲ್ಲಿ ಇಟ್ಟು ಚರ್ಚೆ ಮಾಡಿದ್ವಿ ಮೇಡಂ. ಚಿತ್ರ ಇರೋ ಕಡೆ ಮುಖಪುಟ. ಹಿಂದುಗಡೆ ನೋಡಿದ್ರೆ ಏನೂ ಬರೆದಿಲ್ಲ, ಆದ್ರೆ ಎಲ್ಲ ಅದ್ರೊಳಗೇ ಇದೆ ಅಂತಾರೆ. ಅದಕ್ಕಿಂತ ಗುಪ್ತ ಇನ್ನೆಂತ ಇರುತ್ತೆ?"

"ಸೀಲು ಹಾಕುವ ಮೊದಲು ಒಂದನ್ನಾದರೂ ಹಾಕಿ ನೋಡಿದ್ದಿರಾ?" ಎಂದು ಮುಖ್ಯೋಪಾಧ್ಯಾಯರನ್ನು ಕೇಳಿದೆ.

"ಸೀಲ್ ಬೀಳದ ವಸ್ತು ಬಳಸೋ ಹಾಗಿಲ್ಲ ಮೇಡಂ" ಎಂದರು. ಅವರ ಮುಖದಲ್ಲಿ ನನಗೆ ಇಷ್ಟೂ ಗೊತ್ತಿಲ್ಲವೇ ಎಂಬ ಭಾವವಿತ್ತು.

ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯಿಂದ ಸ್ಪಿರಿಟ್, ಹತ್ತಿ ತರಿಸಿ ಸೌರಮಂಡಲವನ್ನು ನಾನೇ ಒರೆಸಿದೆ. ಶಾಯಿ ಪೂರ್ತಿ ಹೋಯಿತು. ಮತ್ತೆ ಹಾಕಿದರು. ಸೂರ್ಯ ಬಂದ. ಬುಧ, ಶುಕ್ರ, ಭೂಮಿ, ಮಂಗಳ ಒಂದರ ಹಿಂದೊಂದು ಸ್ಪಷ್ಟವಾಗಿ ಬಂದವು. ಶಿಕ್ಷಕಿ ಚಪ್ಪಾಳೆ ತಟ್ಟಿದರು. ಗುರುಗ್ರಹದ ಹತ್ತಿರ ಚಿತ್ರ ನಡುಗಿ ನಿಂತುಹೋಯಿತು. ಅಲ್ಲಿಂದಾಚೆ ಮುಖ್ಯೋಪಾಧ್ಯಾಯರ ಸಹಿಯ ಗೀರು ಇತ್ತು.

ಅವರು ಡಿಸ್ಕನ್ನು ಹೊರಗೆ ತೆಗೆದು ತಮ್ಮ ಸಹಿಯನ್ನು ಬೆಳಕಿಗೆ ಹಿಡಿದು ನೋಡಿದರು. "ಅಂದ್ರೆ, ಬರುವಾಗ ಸರಿಯಾಗೇ ಇತ್ತು" ಎಂದರು.

"ಸರಿಯಾಗಿಯೇ ಇತ್ತು. ಗುರು, ಶನಿ ಎರಡನ್ನೂ ನಾನು ನೋಡಿದ್ದೇನೆ."

"ಆದ್ರೆ ಮೇಡಂ, ಸಭೆಯ ನಡಾವಳಿ ಪುಸ್ತಕದಲ್ಲಿ ನಿಮ್ಮ ವಿಷಯ ಬರೆದಾಗಿದೆ. ಬರೆದದ್ದನ್ನು ಹೊಡೆದು ಹಾಕೋಕೆ ಬರಲ್ಲ. ಅದಕ್ಕೂ ಸೀಲ್ ಬಿದ್ದಿದೆ."

ನಾನು ಕಾಫಿ ಮುಗಿಸಿ ಬಂದೆ. ಹೊಡೆದು ಹಾಕುವುದು ಬೇಡ. ಮುಂದಿನ ಪೋಷಕರ ಸಭೆಯಲ್ಲಿ ಮುಖ್ಯೋಪಾಧ್ಯಾಯರು ಎದ್ದು ನಿಂತು ನನ್ನ ಕ್ಷಮೆ ಕೇಳಬೇಕು. ಅದನ್ನು ಆ ನಡಾವಳಿಯ ಕೆಳಗೇ ಬರೆಯಬೇಕು.