ಮೂರು ಬೆರಳಗಲದ ಸಮುದ್ರ

ನಮ್ಮ ದೇಶದ ಪೂರ್ವಕ್ಕಿರುವ ಸಮುದ್ರಕ್ಕೆ ಒಂದೇ ಒಂದು ಹೆಸರಿದೆ. ಅದು ಮಾತೃಸಾಗರ. ಆಚೆ ದಡದ ದೇಶದವರು ಅದೇ ನೀರಿಗೆ ಬೇರೊಂದು ಹೆಸರಿಟ್ಟಿದ್ದಾರೆಂಬುದು ಶುದ್ಧ ಸುಳ್ಳು. ಆ ಬೇರೊಂದು ಹೆಸರನ್ನು ಅಳಿಸಲು ಸರ್ಕಾರವು ಬಂದರಿನ ಏಳನೇ ಗೋದಾಮಿನಲ್ಲಿ ಒಂದು ಕಚೇರಿಯನ್ನು ನಡೆಸುತ್ತಿದೆ.

ಕಚೇರಿಯ ಹೆಸರು ನಾಮ ಸಂರಕ್ಷಣಾ ವಿಭಾಗ. ಆಚೆ ದಡದಿಂದ ಹಡಗಿನಲ್ಲಿ ಬರುವ ಭೂಪಟ, ಭೂಗೋಳ, ಕ್ಯಾಲೆಂಡರ್, ಭೂಪಟ ಮುದ್ರಿಸಿದ ಬಚ್ಚಲುಮನೆ ಪರದೆ, ಎಲ್ಲವೂ ಮೊದಲು ಇಲ್ಲಿಗೆ ಬರತಕ್ಕದ್ದು. ಭೂಪಟವನ್ನು ನಾವೇ ಮುದ್ರಿಸಬಾರದೇ ಎಂದು ಕೆಲವರು ಕೇಳುತ್ತಾರೆ. ಮುದ್ರಿಸುತ್ತಿದ್ದೆವು. ಒಮ್ಮೆ ಅಚ್ಚಿನ ದೋಷದಿಂದ ಗಡಿರೇಖೆ ಕಾಲಂಗುಲ ಒಳಸರಿದು, ಒಬ್ಬ ಜಿಲ್ಲಾಧಿಕಾರಿ ಮೂರು ವಾರ ಅನುಮತಿಯಿಲ್ಲದೆ ವಿದೇಶದಲ್ಲಿದ್ದರೆಂದು ದಾಖಲಾಯಿತು. ಅಂದಿನಿಂದ ಆ ಜವಾಬ್ದಾರಿಯನ್ನು ಆಚೆ ದಡದವರಿಗೇ ವಹಿಸಲಾಗಿದೆ. ಉಭಯ ದೇಶಗಳ ಭಾಷೆ ಒಂದೇ ಆದ್ದರಿಂದ ತೊಂದರೆಯಿಲ್ಲ. ಆ ಭಾಷೆಗೂ ಎರಡು ಹೆಸರುಗಳಿವೆ. ಅದನ್ನು ನೋಡಿಕೊಳ್ಳಲು ಬೇರೆ ವಿಭಾಗವಿದೆ.

ನಮ್ಮ ವಿಭಾಗದ ನಿಯಮಗಳು ಮೂರೇ. ಒಂದು: ನಿಷಿದ್ಧ ಹೆಸರನ್ನು ಅಳಿಸತಕ್ಕದ್ದು. ಎರಡು: ನಿಷಿದ್ಧ ಹೆಸರನ್ನು ಈ ನಿಯಮಾವಳಿಯೂ ಸೇರಿದಂತೆ ಎಲ್ಲಿಯೂ ಬರೆಯತಕ್ಕದ್ದಲ್ಲ. ಮೂರು: ಅಳಿಸುವ ನೌಕರನು ಅದನ್ನು ಓದತಕ್ಕದ್ದಲ್ಲ.

ಈ ಮೂರನ್ನೂ ಮೂವತ್ತೊಂದು ವರ್ಷ ಚಾಚೂ ತಪ್ಪದೆ ಪಾಲಿಸಿದ ಗುಮಾಸ್ತರನ್ನು ಬಂದರಿನವರು ಮಸಿಯಪ್ಪ ಎಂದು ಕರೆಯುತ್ತಿದ್ದರು. ಪೆಟ್ಟಿಗೆ ಒಡೆಯುವ ಅಧಿಕಾರ ಅವರೊಬ್ಬರದು. ಅವರ ಬಳಿ ತಗಡಿನ ಒಂದು ಅಚ್ಚಿತ್ತು. ಅದರ ಒಂದು ಅಂಚನ್ನು ನಮ್ಮ ಕರಾವಳಿಯಂತೆಯೇ ಅಂಕುಡೊಂಕಾಗಿ ಕತ್ತರಿಸಲಾಗಿತ್ತು; ಬಲಕ್ಕೆ ಮೂರು ಬೆರಳಗಲದ ಒಂದು ತೂತು. ಅಂಚನ್ನು ಕರಾವಳಿಗೆ ಕೂಡಿಸುವುದು, ಕನ್ನಡಕ ತೆಗೆದು ಜೇಬಿಗಿಡುವುದು, ತೂತಿನ ಮೇಲೆ ಕುಂಚ ಎಳೆಯುವುದು. ಕನ್ನಡಕವಿಲ್ಲದೆ ಅವರಿಗೆ ತಮ್ಮ ಅಂಗೈಯೂ ಕಾಣುತ್ತಿರಲಿಲ್ಲವಾದ್ದರಿಂದ ಮೂರನೇ ನಿಯಮ ತಾನಾಗಿಯೇ ಪಾಲನೆಯಾಗುತ್ತಿತ್ತು. ಹೀಗೆ ಅವರು ನಾಲ್ಕು ಲಕ್ಷಕ್ಕೂ ಹೆಚ್ಚು ಸಲ ಅಳಿಸಿದ್ದರು. ಅದಕ್ಕಾಗಿ ವಿಭಾಗದ ಮುಖ್ಯಾಧಿಕಾರಿಗಳಿಗೆ ಪದಕ ಬಂದಿತ್ತು.

ಕಳೆದ ವರ್ಷ ಮಸಿಯಪ್ಪನವರ ಎರಡೂ ಕಣ್ಣಿಗೆ ಪೊರೆ ಬಂತು. ಕನ್ನಡಕ ಹಾಕಿದರೂ ಕರಾವಳಿ ಕಾಣದಾಯಿತು. ವಿಷಯ ಮೊದಲು ಗೊತ್ತಾದದ್ದು ಹೆಂಡತಿಗೆ.

"ರೀ, ನಿನ್ನೆ ಸಂಜೆ ಯಾರ ಮನೇಲಿ ಕೂತಿದ್ರಿ ಗೊತ್ತಾ?"

"ನಮ್ಮನೇಲಿ."

"ಪಕ್ಕದ ಮನೇಲಿ. ಅವರಾಕೆ ಕಾಫಿ ಕೊಟ್ಟಾಗಲಾದ್ರೂ ಗೊತ್ತಾಗಬಾರದಿತ್ತಾ?"

"ಕಾಫಿ ಚೆನ್ನಾಗಿತ್ತು. ಆಗಲೇ ಅನುಮಾನ ಬಂತು."

ಹೆಂಡತಿ ಅವರ ಕೈ ಹಿಡಿದು ನೇರ ಕಣ್ಣಿನ ಡಾಕ್ಟರ ಬಳಿಗೆ ಎಳೆದುಕೊಂಡು ಹೋದಳು. ಎರಡು ತಿಂಗಳೊಳಗೆ ಆಪರೇಷನ್ ಆಗಬೇಕು, ತಡವಾದರೆ ದೃಷ್ಟಿ ಮರಳುತ್ತದೆಂದು ಹೇಳಲಾಗದು ಎಂದರು ಡಾಕ್ಟರು. ಮಸಿಯಪ್ಪನವರು ರಜೆ ಅರ್ಜಿ ಹಿಡಿದು ಮುಖ್ಯಾಧಿಕಾರಿಗಳ ಮುಂದೆ ನಿಂತರು.

"ಓದಬಾರದ ಕೆಲಸಕ್ಕೆ ಕಣ್ಣು ಯಾಕ್ರೀ?" ಎಂದರು ಮುಖ್ಯಾಧಿಕಾರಿಗಳು.

"ಓದದೆ ಇರೋದಕ್ಕೂ ಕಣ್ಣು ಬೇಕು ಸಾರ್. ಎಲ್ಲಿ ಓದಬಾರದು ಅಂತ ಕಾಣಬೇಕಲ್ಲ."

ಇದು ನ್ಯಾಯವಾದ ಮಾತೆಂದು ಕಡತದಲ್ಲಿ ಬರೆಯಲಾಯಿತು. ಆದರೆ ಬದಲಿ ನೌಕರರಿಗೆ ತರಬೇತಿಯಾಗುವವರೆಗೆ ರಜೆ ಕೊಡಲು ಅವಕಾಶವಿರಲಿಲ್ಲ. ಬದಲಿ ನೌಕರರನ್ನು ಆರಿಸಲು ಏಳು ವಾರ ಹಿಡಿಯಿತು. ಆಪರೇಷನ್ನಿಗೆ ಉಳಿದದ್ದು ಒಂಬತ್ತು ದಿನ.

ಹೊಸದಾಗಿ ಬಂದ ಗುಮಾಸ್ತೆ ಭೂಗೋಳಶಾಸ್ತ್ರದಲ್ಲಿ ಚಿನ್ನದ ಪದಕ ಪಡೆದವಳು. ತರಬೇತಿ ಹೀಗೆ ನಡೆಯಿತು.

"ಯಾವ ಹೆಸರು ಸಾರ್ ಅಳಿಸಬೇಕಾಗಿರೋದು?"

"ಅದನ್ನ ಕೇಳಬಾರದಮ್ಮ."

"ನೋಡಿದ್ರೆ ಗೊತ್ತಾಗತ್ತಾ?"

"ನೋಡಬಾರದು."

"ತಪ್ಪಿ ಬೇರೆ ಹೆಸರು ಅಳಿಸಿಬಿಟ್ರೆ?"

"ಮೂವತ್ತೊಂದು ವರ್ಷದಲ್ಲಿ ಒಂದು ದೂರು ಬಂದಿಲ್ಲ ತಾಯಿ. ತಗಡು ಇಡು. ಹಾಂ, ಈಗ ಕನ್ನಡಕ ತೆಗಿ."

"ನಂಗೆ ಕನ್ನಡಕ ಇಲ್ಲ ಸಾರ್. ಕಣ್ಣು ಚೆನ್ನಾಗಿದೆ."

ಇಷ್ಟು ದೊಡ್ಡ ಅನರ್ಹತೆ ನೇಮಕಾತಿ ಸಮಿತಿಯ ಕಣ್ಣಿಗೆ ಬಿದ್ದಿರಲಿಲ್ಲ. ಕಣ್ಣು ಮುಚ್ಚಿಕೊಳ್ಳಲು ಮಸಿಯಪ್ಪನವರು ಸೂಚಿಸಿದರು. ಅವಳು ಮುಚ್ಚಿದಳು, ಆದರೆ ಒಂದು ಕ್ಷಣ ತಡವಾಗಿ.

"ಸಾರ್, ಇಲ್ಲಿ ಮಾತೃಸಾಗರ ಅಂತಿದೆ."

"ಇರಲಾರದು."

"ನಮ್ಮ ಹೆಸರೇ ಸಾರ್. ದಪ್ಪ ಅಕ್ಷರದಲ್ಲಿ."

ಆ ದಿನ ಅವಳು ನಲವತ್ತು ಪೆಟ್ಟಿಗೆ ಒಡೆದು ನೋಡಿದಳು. ನಲವತ್ತರಲ್ಲೂ ಮಾತೃಸಾಗರ. ಹಳೆಯ ಕಡತ ತೆಗೆದಳು. ಹನ್ನೆರಡು ವರ್ಷದ ಹಿಂದೆ ಆಚೆ ದಡದ ಸರ್ಕಾರದಿಂದ ಬಂದ ಪತ್ರವೊಂದು ಸಿಕ್ಕಿತು. ನಿಷಿದ್ಧ ಹೆಸರು ಅದರಲ್ಲಿ ಇದ್ದುದರಿಂದ ಪತ್ರ ವಿಭಾಗಕ್ಕೆ ಬಂದಿತ್ತು, ತಗಡು ಪತ್ರಕ್ಕೆ ಹೊಂದದ ಕಾರಣ ಇಡೀ ಪತ್ರಕ್ಕೆ ಮಸಿ ಬಳಿಯಲಾಗಿತ್ತು. "ಮಾನ್ಯರೇ" ಎಂಬುದೂ "ಇಂತಿ" ಎಂಬುದೂ ಮಾತ್ರ ಉಳಿದಿದ್ದವು. ಬಂದ ಪತ್ರಗಳ ರಿಜಿಸ್ಟರಿನಲ್ಲಿ ಮಾತ್ರ ವಿಷಯ ಸ್ಪಷ್ಟವಾಗಿತ್ತು: "ಸ್ನೇಹದ ಕುರುಹಾಗಿ ಆಚೆ ದಡದವರು ತಮ್ಮ ಹೆಸರನ್ನು ಕೈಬಿಟ್ಟು ನಮ್ಮ ಹೆಸರನ್ನೇ ಮುದ್ರಿಸುವ ಬಗ್ಗೆ." ಅದರ ಮುಂದೆ, ಕೈಗೊಂಡ ಕ್ರಮ: "ಅಳಿಸಲಾಗಿದೆ. ತೀವ್ರ ಪ್ರತಿಭಟನೆ ಸಲ್ಲಿಸಲಾಗಿದೆ."

ಮರುದಿನ ಬೆಳಗ್ಗೆ ಮುಖ್ಯಾಧಿಕಾರಿಗಳು ಮಸಿಯಪ್ಪನವರನ್ನು ಕರೆಸಿದರು. ಕೋಣೆಯಲ್ಲಿ ಹೊಸ ಗುಮಾಸ್ತೆಯೂ ಇದ್ದಳು.

"ಹನ್ನೆರಡು ವರ್ಷ ದೇಶದ ಹೆಸರಿಗೆ ಮಸಿ ಬಳಿದಿದ್ದೀರಿ. ಇದಕ್ಕೆ ಏಳು ವರ್ಷ ಸೆರೆಮನೆ ಇದೆ, ಗೊತ್ತೇನ್ರೀ?"

"ನಾನು ಓದಿಲ್ಲ ಸಾರ್."

"ಓದಿದ್ರೆ ಗೊತ್ತಾಗ್ತಿತ್ತಲ್ಲ!"

"ಓದಿದ್ರೆ ಅದಕ್ಕೆ ಮೂರು ವರ್ಷ ಇದೆ ಸಾರ್." ಮಸಿಯಪ್ಪನವರು ಕೇಳಿದರು: "ಸೆರೆಮನೇಲಿ ಕಣ್ಣಿನ ಆಪರೇಷನ್ ಮಾಡಿಸ್ತಾರಾ? ಎಂಟೇ ದಿನ ಉಳಿದಿರೋದು."

"ಕೇಳಿ ನೋಡಬೇಕು" ಎಂದರು ಮುಖ್ಯಾಧಿಕಾರಿಗಳು.

ಆಗ ಹೊಸ ಗುಮಾಸ್ತೆ, "ಸಾರ್, ಹನ್ನೆರಡು ವರ್ಷದ ವರದೀಲೂ 'ಪರಿಶೀಲಿಸಿದೆ' ಅಂತ ಸಹಿ ಇದೆ. ನಿಮ್ಮದೇ" ಎಂದಳು.

ಮುಖ್ಯಾಧಿಕಾರಿಗಳು ಎದೆಯ ಮೇಲಿನ ಪದಕವನ್ನು ಒಮ್ಮೆ ಮುಟ್ಟಿ ನೋಡಿಕೊಂಡರು. ಅನಂತರ ಪ್ರಕರಣವನ್ನು ತತ್ತ್ವದ ದೃಷ್ಟಿಯಿಂದ ನೋಡುವುದು ಅಗತ್ಯವೆಂದು ತೀರ್ಮಾನಿಸಿ, ಅಂದು ಮಧ್ಯಾಹ್ನವೇ ಉನ್ನತ ಸಮಿತಿಯ ಸಭೆ ಕರೆದರು. ಸಂಜೆ ಕಾಫಿಗೆ ಮುಂಚೆಯೇ ಸತ್ಯ ಹೊರಬಿತ್ತು. ವಿಭಾಗಕ್ಕೆ ನಿಷಿದ್ಧ ಹೆಸರನ್ನಲ್ಲದೆ ಬೇರೇನನ್ನೂ ಅಳಿಸುವ ಅಧಿಕಾರವಿಲ್ಲ. ವಿಭಾಗ ಅಳಿಸಿದ್ದು ಮಾತೃಸಾಗರ. ಆದ್ದರಿಂದ ಮಾತೃಸಾಗರವೇ ನಿಷಿದ್ಧ ಹೆಸರು. ಆಚೆ ದಡದವರು ಹನ್ನೆರಡು ವರ್ಷದಿಂದ ಅದನ್ನು ಬಳಸುತ್ತಿರುವುದು ಇದಕ್ಕೆ ಸಾಕ್ಷಿ. ಮಸಿಯಪ್ಪನವರದು ದ್ರೋಹವಲ್ಲ, ದೂರದೃಷ್ಟಿ.

ಉಳಿದದ್ದು ಒಂದೇ ಪ್ರಶ್ನೆ: ಹಾಗಾದರೆ ನಮ್ಮ ಸಮುದ್ರದ ಹೆಸರೇನು? ಆಚೆ ದಡದವರು ಬಳಸದ ಹೆಸರಾಗಿರಬೇಕು ಎಂಬುದರಲ್ಲಿ ಎರಡು ಮಾತಿರಲಿಲ್ಲ. ಅವರು ಖಂಡಿತವಾಗಿ ಕೈಬಿಟ್ಟಿದ್ದಾರೆಂದು ಲಿಖಿತ ದಾಖಲೆಯಿರುವ ಹೆಸರು ಒಂದೇ, ಅವರ ಹಳೆಯ ಹೆಸರು. ಅದನ್ನೇ ನಮ್ಮ ಸನಾತನ ಹೆಸರೆಂದು ಸ್ವೀಕರಿಸಲು ಸಮಿತಿ ಎದ್ದುನಿಂತು ನಿರ್ಣಯಿಸಿತು. ಎದ್ದುನಿಂತ ಮೇಲೆ, ಆ ಹೆಸರು ಯಾವುದೆಂದು ಸದಸ್ಯರೊಬ್ಬರು ಕೇಳಿದರು. ನಿಯಮ ಎರಡರ ಕೃಪೆಯಿಂದ ಅದು ಯಾವ ಕಡತದಲ್ಲೂ ಇರಲಿಲ್ಲ. ಮುಖ್ಯಾಧಿಕಾರಿಗಳು ಮಸಿಯಪ್ಪನವರನ್ನು ಒಳಗೆ ಕರೆದರು.

"ಮೊದಲ ಹತ್ತೊಂಬತ್ತು ವರ್ಷದಲ್ಲಿ ಎರಡು ಲಕ್ಷ ಸಲವಾದರೂ ಆ ಹೆಸರನ್ನ ಅಳಿಸಿದ್ದೀರಿ. ಏನೂ ಗೊತ್ತಿಲ್ಲ ಅಂದ್ರೆ ಹೇಗ್ರೀ?"

"ಗೊತ್ತಿದೆ ಸಾರ್."

ಸಮಿತಿ ಮುಂದಕ್ಕೆ ಬಾಗಿತು. ಒಬ್ಬರು ಪೆನ್ನಿನ ಮುಚ್ಚಳ ತೆಗೆದರು.

"ಮೂರು ಬೆರಳಗಲ ಸಾರ್" ಎಂದರು ಮಸಿಯಪ್ಪ. "ಅದಕ್ಕಿಂತ ಹೆಚ್ಚು ನಾನು ನೋಡಿಲ್ಲ."

ಪೆನ್ನು ಹಿಡಿದವರು ಅದನ್ನೇ ಬರೆದುಕೊಂಡರು. ಮರುದಿನ ರಾಜಪತ್ರದಲ್ಲಿ ಈ ಕೆಳಗಿನ ಪ್ರಕಟಣೆ ಹೊರಟಿತು.

"ಸರ್ವರಿಗೂ ತಿಳಿಯಪಡಿಸುವುದೇನೆಂದರೆ, ದೇಶದ ಪೂರ್ವಕ್ಕಿರುವ ಸಮುದ್ರದ ಹೆಸರು ಇನ್ನು ಮುಂದೆ ಮತ್ತು ಅನಾದಿಯಿಂದಲೂ ■■■ ಆಗಿರುತ್ತದೆ. ಬರವಣಿಗೆಯಲ್ಲಿ ಸದರಿ ಹೆಸರು ಕಪ್ಪಾಗಿಯೂ ಮೂರು ಬೆರಳಗಲವಾಗಿಯೂ ಇರತಕ್ಕದ್ದು. ಉಚ್ಚಾರಣೆಯಲ್ಲಿ, ಹೇಳುವವರು ಅಂಗೈಯಿಂದ ಬಾಯಿ ಮುಚ್ಚಿಕೊಂಡು ಎರಡು ಎಣಿಸುವಷ್ಟು ಕಾಲ ನಿಲ್ಲತಕ್ಕದ್ದು. ಎರಡಕ್ಕಿಂತ ಕಡಿಮೆ ಎಣಿಸುವುದು ಅಪರಾಧ. ಹೆಚ್ಚು ಎಣಿಸುವುದು ಭಕ್ತಿ."

ಜನ ಬೇಗನೆ ಹೊಂದಿಕೊಂಡರು. ರೇಡಿಯೋದಲ್ಲಿ ಹವಾಮಾನ ವರದಿ ಓದುವವರು ಈಗ "ಇಂದು ಸಂಜೆ" ಎಂದು ಹೇಳಿ, ಎರಡು ಎಣಿಸಿ, "ದಲ್ಲಿ ಅಲೆಗಳ ಅಬ್ಬರ ಹೆಚ್ಚಲಿದೆ" ಎನ್ನುತ್ತಾರೆ. ಬೆಸ್ತರು ಮೊದಲೂ ಅದನ್ನು ಕಡಲು ಎನ್ನುತ್ತಿದ್ದರು, ಈಗಲೂ ಕಡಲು ಎನ್ನುತ್ತಾರೆ. ಅವರ ವಿಚಾರಣೆ ನಡೆದಿದೆ. ಶಾಲೆಯಲ್ಲಿ ಮಕ್ಕಳು ಬಾಯಿ ಮುಚ್ಚಿಕೊಂಡರೆ ಪೂರ್ತಿ ಅಂಕ. ಆಚೆ ದಡದಿಂದ ಮತ್ತೊಂದು ಪತ್ರ ಬಂದಿದೆಯೆಂದು ತಿಳಿದುಬಂದಿದೆ. ಅದರಲ್ಲಿ ಮಾತೃಸಾಗರ ಎಂಬ ಶಬ್ದವಿರುವ ಶಂಕೆಯಿಂದ ಅದನ್ನು ಏಳನೇ ಗೋದಾಮಿಗೆ ಕಳಿಸಲಾಗಿದೆ.

ಗೋದಾಮಿನಲ್ಲಿ ಕೆಲಸ ಮೊದಲಿನಂತೆಯೇ ನಡೆಯುತ್ತಿದೆ. ಅದೇ ತಗಡು, ಅದೇ ಮಸಿ, ಅದೇ ಜಾಗ. ವ್ಯತ್ಯಾಸ ಒಂದೇ: ಹಿಂದೆ ಅಲ್ಲಿ ಹೆಸರು ಅಳಿಸುತ್ತಿದ್ದರು, ಈಗ ಹೆಸರು ಬರೆಯುತ್ತಾರೆ. ಬರೆಯುವುದಕ್ಕೆ ವಿಶೇಷ ತರಬೇತಿ ಬೇಡವೆಂದು ತೀರ್ಮಾನವಾದ್ದರಿಂದ ಕೆಲಸ ಹೊಸ ಗುಮಾಸ್ತೆಗೆ ಹೋಯಿತು, ಮಸಿಯಪ್ಪನವರಿಗೆ ರಜೆ ಮಂಜೂರಾಯಿತು. ಎರಡು ತಿಂಗಳ ಗಡುವಿನ ಕೊನೆಯ ದಿನ ಆಪರೇಷನ್ ಆಯಿತು.

ಪಟ್ಟಿ ಬಿಚ್ಚುವಾಗ ಹೆಂಡತಿ ಪಕ್ಕದಲ್ಲೇ ನಿಂತಿದ್ದಳು. "ಮೊದಲು ನನ್ನ ನೋಡಿ. ಪಕ್ಕದ ಮನೆಯಾಕೆ ಅಲ್ಲ ತಾನೆ?" ಎಂದಳು. ಅಲ್ಲವೆಂದು ಮಸಿಯಪ್ಪನವರು ಖಚಿತಪಡಿಸಿದರು.

ಡಾಕ್ಟರು ಎದುರು ಗೋಡೆಗೆ ಬೆರಳು ತೋರಿಸಿದರು. ಎಲ್ಲ ಸರ್ಕಾರಿ ಆಸ್ಪತ್ರೆಗಳಲ್ಲಿರುವಂತೆ ಅಲ್ಲೊಂದು ಭೂಪಟವಿತ್ತು. "ಕರಾವಳಿ ಬಲಗಡೆ ಏನು ಬರೆದಿದೆ? ಓದಿ."

ಮಸಿಯಪ್ಪನವರ ಕೈ ಅಭ್ಯಾಸಬಲದಿಂದ ಕನ್ನಡಕ ತೆಗೆಯಲು ಮೂಗಿನವರೆಗೆ ಹೋಯಿತು. ಅಲ್ಲಿ ಕನ್ನಡಕವಿರಲಿಲ್ಲ. ಕೈಯನ್ನು ಹಾಗೇ ಕೆಳಗಿಳಿಸಿ ಅಂಗೈಯಿಂದ ಬಾಯಿ ಮುಚ್ಚಿಕೊಂಡರು. ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ಆ ಜಾಗವನ್ನು ಕಣ್ತುಂಬ ನೋಡುತ್ತ ಒಂದು, ಎರಡು ಎಣಿಸಿದರು, ಮೂರನೆಯದನ್ನೂ ಎಣಿಸಿದರು. ಆಮೇಲೆ ಕೈ ತೆಗೆದು ಹೇಳಿದರು:

"ಮಸಿ ಎಡಕ್ಕೆ ಹಬ್ಬಿದೆ ಡಾಕ್ಟ್ರೇ. ಹೊಸಬಳ ಕೈಬರಹ. ಕಲಿತ್ಕೋತಾಳೆ."

ಡಾಕ್ಟರು ಚೀಟಿಯಲ್ಲಿ ಬರೆದರು: ದೃಷ್ಟಿ ಸರಿಯಾಗಿದೆ. ತಪ್ಪಿಲ್ಲದೆ ಓದಿದ್ದಾರೆ.