ಆರನೇದು ತುಂಬ್ಯಾದ!

ನಮ್ಮ ಮಾಮಾ ಹೆದರುವುದಕ್ಕೇ ಸಂಬಳ ತೆಗೆದುಕೊಳ್ಳುವ ಮನುಷ್ಯರು. ನಗಬೇಡಿ! ಲೋಕದಲ್ಲಿ ಉಳಿದವರೆಲ್ಲ ಪುಕ್ಕಟೆ ಹೆದರುತ್ತಾರೆ. ಹಾವಿಗೆ, ಹೆಂಡತಿಗೆ, ಹಲ್ಲಿನ ಡಾಕ್ಟರಿಗೆ. ನಮ್ಮ ಅಕ್ಕನ ಗಂಡನನ್ನು ಮಾತ್ರ ಒಂದು ಕಂಪನಿಯವರು ಕುರ್ಚಿ ಹಾಕಿ, ಮೇಲೊಂದು ಫ್ಯಾನು ಹಚ್ಚಿ, "ನೀವು ಹೆದರಕೋತ ಕೂಡ್ರಿ" ಎಂದು ಕೂರಿಸಿದ್ದಾರೆ.

ಈ ವಿದ್ಯೆ ಅವರಿಗೆ ನೌಕರಿಯಿಂದ ಬಂದದ್ದಲ್ಲ, ಹುಟ್ಟಿನಿಂದ ಬಂದದ್ದು. ಶಹಾಬಜಾರದ ಅವರ ಮನೆಯಿಂದ ಹೊರಡುವುದೇ ಒಂದು ಸಮಾರಂಭ. ಬೀಗ ಹಾಕಿ ಮೂರು ಸಲ ಜಗ್ಗುತ್ತಾರೆ. ಓಣಿಯ ತಿರುವಿನ ತನಕ ಹೋಗಿ, ಏನೋ ಕಳೆದುಕೊಂಡವರ ಹಾಗೆ ನಿಂತು, ವಾಪಸು ಬಂದು ಮತ್ತೆ ಮೂರು ಸಲ. ಒಂದು ಸಲ ಹಾಗೆ ಜಗ್ಗಿ ಜಗ್ಗಿ ಕೊಂಡಿಯೇ ಕಿತ್ತು ಕೈಗೆ ಬಂತು. ಬೀಗ ಬಲು ಭದ್ರವಾಗಿತ್ತು, ಬಾಗಿಲು ಮಾತ್ರ ತೆರೆದುಕೊಂಡಿತು!

ಅಕ್ಕನನ್ನು ಕೇಳಿದರೆ ಒಂದೇ ಮಾತು: "ಇವರು ಮದುವ್ಯಾಗ ತಾಳಿ ಕಟ್ಟಿ ಅದನ್ನೂ ಮೂರು ಸಲ ಜಗ್ಗಿ ನೋಡ್ಯಾರ!"

ನಾನು ಇದಕ್ಕೆ ಪೂರ್ತಿ ಉಲ್ಟಾ. ಏಳನೆಯ ಇಯತ್ತೆಗೆ ಶಾಲೆ ಬಿಟ್ಟವನು. ಆವತ್ತಿನಿಂದ ವೈರು, ಪಕ್ಕಡ, ಸ್ಕ್ರೂಡ್ರೈವರ್ ಹಿಡಿದು ಹೊಟ್ಟೆ ಹೊರೆದವನು. ನಾನು ಕೂರಿಸಿದ ಮೋಟಾರುಗಳು ಕಮಲಾಪುರದ ಬಾಳೆತೋಟಗಳಲ್ಲಿ ಇಂದಿಗೂ ನೀರು ಎತ್ತುತ್ತಿವೆ. ಬೇಕಾದರೆ ಹೋಗಿ ನೋಡಿ. ಯಾರ ಮುಂದೆಯೂ "ನನಗೆ ಬರುವುದಿಲ್ಲ" ಎಂದವನಲ್ಲ. ಇಂಥವನನ್ನು ಮಾಮಾ ತಮ್ಮ ಕಂಪನಿಗೆ ಕರೆದುಕೊಂಡು ಹೋದಾಗ ಮ್ಯಾನೇಜರು ಕನ್ನಡಕದ ಮೇಲಿಂದ ನೋಡಿ, "ಎಷ್ಟು ಓದ್ಯಾನ?" ಎಂದರು.

"ಇವನ ಕೈ ಓದ್ಯಾವ್ರೀ ಸರ್" ಅಂದರು ಮಾಮಾ. "ಏನರ ಹೆಚ್ಚುಕಡಿಮೆ ಆದ್ರ ನನ್ನ ನೌಕರಿ ತಗೊಳ್ರಿ."

ನೆರಳಿಗೂ ಹೆದರುವ ಮನುಷ್ಯ, ಆ ಮಾತು ಹೇಳುವಾಗ ಎಂಜಲು ಕೂಡ ನುಂಗಲಿಲ್ಲ! ನಾನು ಅದನ್ನು ಆಗ ಗಮನಿಸಲಿಲ್ಲ.

ಕಂಪನಿಯ ಹೆಸರಿನಲ್ಲಿ ಕ್ಲೌಡ್ ಎಂಬ ಮಾತಿದೆ. ಕ್ಲೌಡ್ ಅಂದರೆ ಮೋಡವಂತೆ. ಕಮಲಾಪುರದ ಜನ ನನ್ನನ್ನು ನಿಲ್ಲಿಸಿ, "ಏನಪಾ, ಮೋಡ ನಿಮ್ಮ ಕೈಯಾಗ ಅದ, ಮಳಿ ಯಾವಾಗ ಬಿಡ್ತಿ?" ಎಂದು ಕೇಳುತ್ತಾರೆ. ನಮ್ಮ ಮೋಡ ಆಕಾಶದಲ್ಲಿಲ್ಲ ಸ್ವಾಮಿ, ಬಸ್ ಸ್ಟ್ಯಾಂಡಿನ ಹಿಂದಿನ ಒಂದು ಕೋಣೆಯಲ್ಲಿದೆ. ಮಂದಿಯ ಲೆಕ್ಕಪತ್ರ, ಚಿತ್ರ ಕಾಯ್ದಿಡುವ ಬಾಡಿಗೆ ಮಶೀನುಗಳ ಕೋಣೆ. ಮೊದಲು ಅಲ್ಲಿ ಕೆಂಪು ಬಾಳೆಕಾಯಿಗೆ ಹೊಗೆ ಕೊಟ್ಟು ಹಣ್ಣು ಮಾಡುತ್ತಿದ್ದರು. ಈಗ ಅಲ್ಲಿ ಹೊಗೆ ಬಂದರೆ ಮೊದಲು ಹಣ್ಣಾಗುವವರು ನಮ್ಮ ಮಾಮಾ!

ಮಾಮಾ ಕೂರುವುದು ಕಲಬುರಗಿಯ ಆಫೀಸಿನಲ್ಲಿ. ಕಮಲಾಪುರದ ಕೋಣೆಗೆ ನಾನೇ ರಾಜ. ಹೊಸ ಮಶೀನು ಬಂದರೆ ಹೊತ್ತು, ಕಬ್ಬಿಣದ ಕಪಾಟಿನಲ್ಲಿ ಕೂರಿಸಿ, ವೈರು ಚುಚ್ಚುವುದು ನನ್ನ ಕೆಲಸ. ಹೊಸ ಮಶೀನಿನೊಳಗೆ ಏನೂ ಇರುವುದಿಲ್ಲ, ಬರೀ ಕಬ್ಬಿಣ. ಚಾಲೂ ಮಾಡಿದ ಕೂಡಲೇ ಅದು ವೈರಿನ ತುಂಬ ಕೂಗುತ್ತದಂತೆ: "ನಾನು ಯಾರು? ನಾನೇನು ಮಾಡಲಿ?" ಆಗ ಮಾಮಾ ಕಟ್ಟಿಟ್ಟ ವ್ಯವಸ್ಥೆ ಉತ್ತರ ಕೊಡುತ್ತದೆ: "ನೀನು ಇಷ್ಟನೆಯವನು, ನಿನ್ನ ವಿಳಾಸ ಇದು, ಇಗೋ ನಿನ್ನ ಬುದ್ಧಿ." ಬಾಡಿಗೆಗೆ ಹಿಡಿದ ಗಿರಾಕಿ ಬಿಟ್ಟುಹೋದರೆ ಆ ಬುದ್ಧಿಯನ್ನೆಲ್ಲ ಒರೆಸಿ, ಬಾಡಿಗೆ ಮನೆಗೆ ಸುಣ್ಣ ಹೊಡೆದ ಹಾಗೆ ಸಾಫ್ ಮಾಡಿ ಮುಂದಿನವರಿಗೆ ಕೊಡಬೇಕು. ಒಮ್ಮೆ ಒರೆಸಿದ್ದು ಬ್ರಹ್ಮ ಬಂದರೂ ವಾಪಸು ಬರುವುದಿಲ್ಲ. ಮಾಮಾನ ಹೆದರಿಕೆಯ ಬೇರು ಇಲ್ಲಿದೆ: ಸಂಸಾರ ಇರುವ ಮನೆಗೇ ಸುಣ್ಣ ಹೊಡೆದುಬಿಟ್ಟರೆ?

"ನಾನೂ ಹುಟ್ಟಿದಾಗ ಹಂಗ ಕೂಗಿರಬೇಕ್ರೀ ಮಾಮಾ, ಯಾರೂ ಉತ್ತರ ಕೊಡಲಿಲ್ಲ" ಎಂದೆ ಒಮ್ಮೆ.

"ಅದಕ್ಕ ನೀ ಹಿಂಗಾಗಿ!" ಅಂದರು.

ಹಾಗೆ ನೋಡಿದರೆ ಅವರ ಹೆದರಿಕೆಗೆ ಸ್ವಲ್ಪ ಗೊಬ್ಬರ ಹಾಕಿದವನು ನಾನೇ. ಮೊಬೈಲಿನಲ್ಲಿ ಕ್ರಿಕೆಟ್ ನೋಡಲೆಂದು ಒಂದು ಸಣ್ಣ ವೈಫೈ ಡಬ್ಬಿ ತಂದು, ಕಪಾಟಿನ ಹಿಂದೆ ಖಾಲಿ ಇದ್ದ ತೂತಿಗೆ ಚುಚ್ಚಿದ್ದೆ. ಅದೇ ವಾರ ಮೂರು ಹೊಸ ಮಶೀನು ಬಂದವು. ಚಾಲೂ ಮಾಡಿದೆ. "ನಾನು ಯಾರು?" ಎಂದು ಅವು ಕೂಗಿದ್ದೇ ತಡ, ಕಲಬುರಗಿಯ ಉತ್ತರ ಬರುವ ಮೊದಲೇ ನನ್ನ ಡಬ್ಬಿ ಬಾಯಿ ಹಾಕಿ ಏನೋ ಒಂದು ವಿಳಾಸ ಕೊಟ್ಟುಬಿಟ್ಟಿತು! ಬುದ್ಧಿ ಕೊಡುವ ಯೋಗ್ಯತೆ ಅದಕ್ಕೆಲ್ಲಿ? ಮಶೀನುಗಳು ಬಾಯಿ ಬಿಟ್ಟುಕೊಂಡು ನಿಂತವು. ಮಾಮಾ ಎರಡು ದಿನ ಊಟ ಬಿಟ್ಟು ತಮ್ಮ ವ್ಯವಸ್ಥೆಯ ಒಂದೊಂದು ಸಾಲನ್ನೂ ಜಗ್ಗಿ ನೋಡಿದರು. ಮೂರನೆಯ ದಿನ ಬಸ್ ಹತ್ತಿ ಬಂದು, ಕಪಾಟಿನ ಹಿಂದೆ ಕಣ್ಣು ಮಿಟುಕಿಸುತ್ತಿದ್ದ ಡಬ್ಬಿಯನ್ನು ಕಂಡರು.

"ಇದ್ಯಾರ ಕೂಸು?"

"ನಂದೇ ರೀ."

"ಏ ಪುಣ್ಯಾತ್ಮಾ, ಹೊಸ ಸೊಸಿ ಮನಿಗೆ ಬಂದು 'ಎಲ್ಲಿ ಕೂಡ್ರಲಿ' ಅಂದ್ರ ಇಬ್ಬರು ಅತ್ತೆಂದಿರು ಜವಾಬು ಕೊಟ್ರ ಆ ಸಂಸಾರ ನಡೀತದೇನು?"

ಅಂದಿನಿಂದ ಕೋಣೆಯ ಬಾಗಿಲಲ್ಲಿ ನಿಂತು ನನ್ನ ಜೇಬು ತಡವುತ್ತಾರೆ. "ಒಳಗ ಅತ್ತಿ ಇಲ್ಲಲ್ಲ?"

ಇನ್ನು ಅವರ ಬಾಯಿಯ ಸಂಗತಿ. ನಮ್ಮ ಕಡೆ ಹೆಣ್ಣುಮಕ್ಕಳು ಹಿಟ್ಟಿನ ಡಬ್ಬಿ ಬರಿದಾದರೆ 'ಹಿಟ್ಟು ಇಲ್ಲ' ಎನ್ನುವುದಿಲ್ಲ. ಲಕ್ಷ್ಮಿ ಕೇಳಿಸಿಕೊಂಡಾಳು! 'ಹಿಟ್ಟು ತುಂಬ್ಯಾದ' ಎನ್ನುತ್ತಾರೆ. ಗಂಡಸು ಚೀಲ ಹಿಡಿದು ಗಿರಣಿಗೆ ನಡೆಯಬೇಕು. ದೀಪ ಆರಿಸು ಎನ್ನಬಾರದು, ಶಾಂತ ಮಾಡು ಎನ್ನಬೇಕು. ಇದು ಅಡುಗೆಮನೆಯ ಶಾಸ್ತ್ರ. ಮಾಮಾ ಇದನ್ನು ಮಶೀನಿನ ಕೋಣೆಗೂ ತಂದರು. ಒರೆಸಿದೆ, ಅಳಿಸಿದೆ, ಖಾಲಿಯಾಗಿದೆ ಎಂಬ ಮಾತು ಅವರ ಬಾಯಿಂದ ಬರುವುದೇ ಇಲ್ಲ. "ಮೂರನೇದು ತುಂಬ್ಯಾದ ತಮ್ಮಾ" ಎಂದು ಫೋನ್ ಬಂದರೆ, ಮೂರನೆಯ ಮಶೀನಿನ ಗಿರಾಕಿ ಹೋದ, ಅದನ್ನು ಸಾಫ್ ಮಾಡಿ ತಯಾರು ಇಡು ಎಂದು ಅರ್ಥ. ಅದಕ್ಕಾಗಿ ಕಂಪ್ಯೂಟರಿನಲ್ಲಿ ಎರಡು ಬಟನ್ ಒತ್ತುವುದನ್ನು ನನಗೆ ಕಲಿಸಿದ್ದರು. ಅಕ್ಷರ ಇಂಗ್ಲಿಷಿನವು, ನನಗೆ ಜಾಗ ಗೊತ್ತು: ಬಲಗಡೆಯಿಂದ ಮೂರನೆಯದು, ಹಸಿರು ಪಟ್ಟಿ ಬಂದ ಮೇಲೆ ಅದರ ಕೆಳಗಿನದು. ಎಷ್ಟು ಸಲ ಒತ್ತಿಲ್ಲ!

ಆವತ್ತು ಕಮಲಾಪುರದ ಸಂತೆ. ಮಧ್ಯಾಹ್ನ ಮಾಮಾನ ಫೋನ್ ಬಂತು. ಹೊರಗೆ ಉಳ್ಳಾಗಡ್ಡಿ ಮಾರುವವನ ಮೈಕು ಕಿವಿ ಕಿತ್ತುಹೋಗುವ ಹಾಗೆ ಒದರುತ್ತಿತ್ತು.

"ತಮ್ಮಾ, ಆರನೇದು ತುಂಬ್ಯಾದ. ಇವತ್ತೇ ಅದರ ಬಂದೋಬಸ್ತ್ ಮಾಡಬೇಕು ನೋಡು."

"ಮಾಡ್ತೀನ್ರೀ" ಎಂದು ಇಟ್ಟೆ. ಆರನೆಯ ಮಶೀನನ್ನು ಆರಿಸಿ, ಬಲಗಡೆಯಿಂದ ಮೂರನೆಯ ಬಟನ್ ಒತ್ತಿದೆ. ಹಸಿರಿನ ಬದಲು ಕೆಂಪು ಪಟ್ಟಿ ಬಂತು, ಒಂದು ಸಾಲು ಇಂಗ್ಲಿಷು. ಅದರಲ್ಲಿ ಆರು ಎಂಬ ಅಂಕಿ ಕಂಡಿತು. ಸರಿ, ಆರನೆಯದರ ಕೆಲಸ ಶುರುವಾಗಿದೆ, ದೊಡ್ಡ ಮಶೀನು, ಬಣ್ಣ ಬೇರೆ ಇರಬಹುದು! ಯಾರನ್ನಾದರೂ ಕೇಳಬಹುದಿತ್ತು. ಆದರೆ ನಾನು ಕೇಳುವವನೇ? ಜಂಬದಿಂದ ಫೋನ್ ಹಚ್ಚಿದೆ.

"ಮಾಮಾ, ಆರನೇದು ಸಾಫ್ ಆಗಾಕತ್ತಾದ್ರೀ."

ಆ ಕಡೆ ಕುರ್ಚಿ ಧಡ್ ಎಂದು ಬಿದ್ದ ಸದ್ದಾಯಿತು.

"ನಾ ಖರೇನೇ ತುಂಬ್ಯಾದ ಅಂದೆ, ತಮ್ಮಾ." ದನಿ ಬಾವಿಯೊಳಗಿಂದ ಬಂದ ಹಾಗಿತ್ತು. "ಗಂಟಲ ಮಟ ತುಂಬ್ಯಾದ. ದೊಡ್ಡ ಡಿಸ್ಕ್ ಹಾಕಬೇಕು ಅಂತ ಬಂದೋಬಸ್ತ್ ಅಂದೆ. ಅದು ಸ್ಕ್ಯಾನ್ ಸೆಂಟರಿಂದು."

ಎರಡೂ ಕೈಯಿಂದ ಫೋನ್ ಕಿವಿಗೆ ಒತ್ತಿಕೊಂಡೆ.

"ಇನ್ನೊಂದು ಪ್ರತಿ ಇರಬೇಕಲ್ರೀ?"

"ತುಂಬಿದ್ದಕ್ಕೇ ಪ್ರತಿ ತೆಗ್ಯೂದು ನಿಂತದ. ಏನೂ ಮುಟ್ಟಬ್ಯಾಡ. ಬಂದೆ."

ಫೋನ್ ಕಟ್ಟಾಯಿತು. ಮರಳಿ ಹಚ್ಚಿದರೆ ಹತ್ತಲಿಲ್ಲ.

ಕಲಬುರಗಿಯಿಂದ ಬಸ್ಸು ಬರಲು ಒಂದು ತಾಸು. ಅಂಥ ತಾಸು ನಾನು ಹುಟ್ಟಿದಾಗಿನಿಂದ ಕಂಡಿಲ್ಲ. ಆರನೆಯ ಮಶೀನಿನ ದೀಪಗಳು ಪಿಳಿಪಿಳಿ ಎನ್ನುತ್ತಿದ್ದವು. ಪ್ರತಿ ಪಿಳಿಗೂ ಒಬ್ಬರ ಎದೆಯ ಚಿತ್ರ, ಒಬ್ಬರ ಮೂತ್ರಪಿಂಡ, ಯಾರದೋ ಹೊಟ್ಟೆಯಲ್ಲಿನ ಕೂಸು ಅಳಿಸಿಹೋಗುತ್ತಿದೆ ಎನ್ನಿಸಿತು. ವೈರು ಕಿತ್ತುಬಿಡಲೇ? ಕಿತ್ತರೆ ಉಳಿದದ್ದಾದರೂ ಉಳಿದೀತು. ಕಿತ್ತದ್ದರಿಂದಲೇ ಪೂರ್ತಿ ಕೆಟ್ಟರೆ? ಮೂವತ್ತು ವರ್ಷದಿಂದ ಕರೆಂಟಿನ ಜೊತೆ ಆಡಿದ ಕೈ ವೈರಿನ ಮೇಲಿತ್ತು, ಕೀಳಲಿಲ್ಲ. ಮ್ಯಾನೇಜರ ಮಾತು ಈಗಲೇ ಕೇಳಿಸುತ್ತಿತ್ತು: ಏಳನೇ ಇಯತ್ತೆಯವನ ಕೈಗೆ ಕೊಟ್ಟರೆ ಇನ್ನೇನಾದೀತು? ನನ್ನ ನೌಕರಿ ಹಾಳಾಗಲಿ. ಪಣಕ್ಕಿಟ್ಟದ್ದು ಮಾಮಾ ತಮ್ಮದನ್ನು!

ಎದ್ದು ಬಾಗಿಲು ತೆರೆದೆ. ಬಾಗಿಲ ಎದುರಿಗೆ ಬಳೆ ಮಾರುವ ಚಾಚಿ ಕೂತಿದ್ದರು. ಅವರ ಹೊಟ್ಟೆಯಲ್ಲಿ ಗಡ್ಡೆ. ಹೋದ ವರ್ಷದ ಚಿತ್ರ, ಈ ವರ್ಷದ ಚಿತ್ರ ಎರಡನ್ನೂ ಹೋಲಿಸಿ ನೋಡಿ ಆಪರೇಶನ್ ಬೇಕೋ ಬೇಡವೋ ಹೇಳುತ್ತೇವೆ ಎಂದು ಡಾಕ್ಟರು ತಿಳಿಸಿದ್ದರು. ಸ್ಕ್ಯಾನಿನ ಚಿತ್ರಗಳೆಲ್ಲ ನನ್ನ ಕೋಣೆಯಲ್ಲಿವೆ ಎಂದು ಅವರ ಮುಂದೆ ಮೀಸೆ ತಿರುವಿದವನೂ ನಾನೇ.

"ಕ್ಯಾ ಭೈಯ್ಯಾ, ಮಾರಿ ಯಾಕ ಬೆಳ್ಳಗ ಆಗ್ಯಾದ?" ಅಂದರು ಚಾಚಿ. "ನನ್ನ ಫೋಟೋ ಖೈರಿಯತ್ ಅದಾವಲ್ಲಾ? ನಾಳಿಗಿ ಡಾಕ್ಟರ ಕಡೀ ಹೋಗ್ತೀನಿ."

"ಅದಾವ್ರೀ" ಎಂದೆ. ಸುಳ್ಳು ಹೇಳಿದ ಮೇಲೆ ಅಲ್ಲಿ ನಿಲ್ಲಲಾಗಲಿಲ್ಲ. ಒಳಗೆ ಹೋಗಿ ಮಶೀನಿನ ಮುಂದೆ ನೆಲಕ್ಕೆ ಕೂತೆ.

ಮಾಮಾ ಬಂದರು. ಒಂದು ಕಾಲಲ್ಲಿ ಚಪ್ಪಲಿ, ಇನ್ನೊಂದು ಕಾಲಲ್ಲಿ ಆಫೀಸಿನ ಬೂಟು! ಬೈಯಲಿಲ್ಲ. ಜೇಬು ತಡವಲಿಲ್ಲ. ಸೀದಾ ಕಂಪ್ಯೂಟರಿನ ಮುಂದೆ ಕೂತರು. ಕೆಂಪು ಪಟ್ಟಿ ಇನ್ನೂ ಹಾಗೇ ಇತ್ತು. ಅದನ್ನು ಓದಿದರು. ಕನ್ನಡಕ ಒರೆಸಿಕೊಂಡು ಮತ್ತೆ ಓದಿದರು. ಆಮೇಲೆ ಹೆಗಲು ಕುಣಿಯತೊಡಗಿತು. ಅಳುತ್ತಿದ್ದಾರೆ ಎಂದುಕೊಂಡೆ. ನೋಡಿದರೆ ನಗು!

"ಏನ್ ಬರದದ ಓದು."

ನಾನು ಪರದೆ ನೋಡಿದೆ, ಅವರ ಮುಖ ನೋಡಿದೆ. "ನನಗ ಬರಂಗಿಲ್ರೀ ಮಾಮಾ."

ಜೀವಮಾನದಲ್ಲಿ ಮೊದಲ ಸಲ ಆ ಮಾತು ಬಾಯಿಂದ ಬಂತು. ಆಕಾಶ ಬೀಳಲಿಲ್ಲ.

"ಬೀಗ ಹಾಕ್ಯಾದ, ಆರನೇದು ಸಾಫ್ ಮಾಡಾಕ ಬಿಡಂಗಿಲ್ಲ ಅಂತ ಅಂದದ. ಒಂದು ಅಕ್ಷರನೂ ಹೋಗಿಲ್ಲ. ಬೀಗ ನಾನೇ ಹಾಕೀನಿ. ಓದಾಕ ಬರೂ ನನಗ ಅದು ನೆನಪ ಆಗಲಿಲ್ಲ. ಕುರ್ಚಿ ಮ್ಯಾಲ ಕೂತಲ್ಲೇ ನೋಡಬಹುದಿತ್ತು. ಬಸ್ ಹತ್ತಿ ಓಡಿ ಬಂದೀನಿ! ಹುಚ್ಚ ನೀ ಏನು, ನಾ ಏನು?"

ಮನೆಯ ಬೀಗವನ್ನು ಆರು ಸಲ ಜಗ್ಗುವ ಮನುಷ್ಯ, ಹಾಕಿದ ಬೀಗವನ್ನೇ ಮರೆತಿದ್ದರು!

"ಯಾವಾಗ ಹಾಕಿದ್ರಿ?"

ಮಾಮಾ ಆರನೆಯ ಮಶೀನಿನ ಪುಟ ತೆರೆದರು. ಪ್ರತಿ ಮಶೀನಿಗೂ ಅಂಥದೊಂದು ಪುಟ ಇದೆ, ಅವರು ಅದಕ್ಕೆ ಜಾತಕ ಎನ್ನುತ್ತಾರೆ. ನಾನು ಎಂದೂ ತೆರೆದು ನೋಡಿದವನಲ್ಲ. ಬೀಗ ಹಾಕುವವರು ಯಾಕೆ ಹಾಕಿದೆವು ಎಂದು ಅಲ್ಲಿ ಒಂದು ಸಾಲು ಬರೆಯಬೇಕಂತೆ. ಸುತ್ತಲೂ ಇಂಗ್ಲಿಷು, ನಡುವೆ ಆ ಒಂದು ಸಾಲು ಮಾತ್ರ ಕನ್ನಡ. ಅದನ್ನು ಓದಲು ನನಗೆ ಯಾರ ಹಂಗೂ ಬೇಕಿರಲಿಲ್ಲ.

'ಇದನ್ನು ನನ್ನ ತಮ್ಮ ಹೊತ್ತು ತಂದು ಕೂರಿಸ್ಯಾನ. ಅವನನ್ನು ಕೇಳದೆ ಯಾರೂ ಮುಟ್ಟಬಾರದು. ನಾನು ಸಹಿತ.'

ಐದನೆಯದರ ಜಾತಕ ತೆರೆದರು. ಅದೇ ಸಾಲು. ಏಳನೆಯದು. ಅದೇ ಸಾಲು. ಗಿರಾಕಿ ಇದ್ದ ಒಂದೊಂದರ ಮೇಲೂ. ಗಿರಾಕಿ ಬಿಟ್ಟುಹೋದರೆ ಬೀಗ ತಾನೇ ತೆರೆದುಕೊಳ್ಳುತ್ತದಂತೆ.

ಮಾಮಾ ಪರದೆಯ ಕಡೆ ಮುಖ ಮಾಡಿಕೊಂಡೇ, "ನಾಳಿಂದ ದಿನಾ ಐದು ಇಂಗ್ಲಿಷ್ ಮಾತು ಕಲಿಸ್ತೀನಿ" ಅಂದರು. "ಮತ್ತ ನಾ ಇನ್ನ ಖಾಲಿ ಆಗಿದ್ದಕ್ಕ ಖಾಲಿ ಅಂತೀನಿ. ಲಕ್ಷ್ಮಿ ಸಿಟ್ಟಾದ್ರ ಆಗಲಿ."

ಸಂಜೆಯ ಬಸ್ಸಿಗೆ ಅವರನ್ನು ಹತ್ತಿಸಿದೆ. ಒಂದು ಚಪ್ಪಲಿ, ಒಂದು ಬೂಟು ಮೆಟ್ಟಿಲು ಏರಿದವು. ಬಸ್ಸು ಹೊರಟಾಗ ಕಿಟಕಿಯಿಂದ ತಲೆ ಹಾಕಿದರು.

"ತಮ್ಮಾ, ಕೋಣಿ ಬೀಗ..."

"ಹಾಕೀನ್ರೀ ಮಾಮಾ!"

ಹಾಕಿದ್ದೆ. ನನಗೆ ಚೆನ್ನಾಗಿ ನೆನಪಿತ್ತು. ಆದರೂ ಬಸ್ಸು ಕಣ್ಮರೆಯಾದ ಮೇಲೆ ಹಿಂದಿರುಗಿ ಹೋಗಿ ಒಂದು, ಎರಡು, ಮೂರು ಸಲ ಜಗ್ಗಿದೆ. ಬಳೆಯ ಗಂಟು ಕಟ್ಟುತ್ತಿದ್ದ ಚಾಚಿ ನಕ್ಕರು. "ನಿನಗೂ ಹತ್ತಿತೇನು ಅವರ ಬ್ಯಾನಿ?"

"ಹತ್ತೇದ್ರೀ ಚಾಚಿ" ಎಂದು ನಾಲ್ಕನೆಯ ಸಲ ಜಗ್ಗಿದೆ.