ಭಾರ ಕೂತ ಮೇಲೆ ಬೋಲ್ಟು

ಜಾಕಿಯ ಮೇಲೆ ಮುಂಗಾಲೆತ್ತಿ ನಿಂತ ಹಳೆಯ ಫಿಯೆಟ್ಟನ್ನು ನೋಡಿದ್ದೇ ಲೊರ್ನಾಬಾಯಿಯ ರಕ್ತ ಕುದಿಯಿತು. ನಾಳೆ ಬೆಳಿಗ್ಗೆ ಮೊಮ್ಮಗಳು ಶರೋನ್ ಮದುಮಗಳಾಗಿ ಹಿರಿಯಡ್ಕದಿಂದ ಕಾರ್ಕಳದ ಇಗರ್ಜಿಗೆ ಹೋಗಬೇಕಾದದ್ದು ಇದರಲ್ಲೇ. ಬಾಡಿಗೆ ಕಾರು ಬೇಡವೆಂದು ಇಡೀ ಬಳಗದ ಎದುರು ಹಟ ಹಿಡಿದವಳು ಲೊರ್ನಾಬಾಯಿಯೇ. (ಗಂಡ ಬೆಂಜಮಿನ್ ಇದ್ದಷ್ಟು ಕಾಲ ಈ ಕಾರಿಗೆ ಸ್ಪ್ಯಾನರ್ ಎತ್ತಿಕೊಟ್ಟ ಕೈ ಅವಳದು, ಓದಿದ್ದು ಎರಡನೇ ಕ್ಲಾಸಾದರೂ ನಟ್ಟಿನ ಅಳತೆ ತಪ್ಪಿದ್ದಿಲ್ಲ.)

"ಓಸ್ವಾಲ್ಡ್! ಎಂತ ಮಾಡ್ತಾ ಇದ್ದಿ?"

"ಚಕ್ರದ ತೋಳಿಗೆ ಹೊಸ ರಬ್ಬರ್ ಬುಶ್ ಹಾಕಿ ಬೋಲ್ಟು ಬಿಗಿ ಮಾಡ್ತಾ ಇದ್ದೇನೆ, ಮಾಂಯ್," ಎಂದ ಅಳಿಯ.

"ಚಕ್ರ ಗಾಳಿಯಲ್ಲಿ ನೇತಾಡುವಾಗಲಾ? ಕಾರು ಇಳಿದು ಭಾರ ಕೂತರೆ ಆ ರಬ್ಬರು ತಿರುಚಿಕೊಂಡೇ ಇರ್ತದೆ. ನಾಲ್ಕು ಹೊಂಡಕ್ಕೆ ಹರಿದು ಚೂರು! ದಿಬ್ಬಣ ಅರ್ಧ ದಾರಿಗೆ ಬೈಲೂರಲ್ಲೇ ನಿಲ್ತದೆ, ಮಾರಾಯ!"

"ಮೊಬೈಲಿನಲ್ಲಿ ಒಬ್ಬ ಹೀಗೇ ಮಾಡಿದ್ದ."

"ಅವನ ಮಗಳಿಗೂ ನಾಳೆ ಮದುವೆಯಾ? ಎಲ್ಲ ಸಡಿಲ ಮಾಡು!"

ನಾಲ್ಕೂ ಬೋಲ್ಟು ಸಡಿಲವಾದವು. ಚಕ್ರಗಳ ಕೆಳಗೆ ದಪ್ಪ ಹಲಗೆ, ಹಿಂದೆ ಮುಂದೆ ಕಲ್ಲು, ಜಾಕಿ ಇಳಿಯಿತು. ಇನ್ನು ಅಡಿಗೆ ನುಗ್ಗಿ ಬಿಗಿ ಮಾಡುವುದಷ್ಟೇ. ಓಸ್ವಾಲ್ಡ್ ಮಲಗಿದ, ತೆವಳಿದ, ಹೊಟ್ಟೆಯ ಮಹಾಪರ್ವತ ಬಂಪರಿಗೆ ತಾಗಿ ನಿಂತ.

"ನಿನಗಿಂತ ಅಕ್ಕಿಯ ಮುಡಿಯೇ ವಾಸಿ! ಆಚೆ ಸರಿ!"

ಲೊರ್ನಾಬಾಯಿ ಸೆರಗು ಬಿಗಿದು, ಗೋಣಿ ಹಾಸಿ, ಎಪ್ಪತ್ತೆರಡರ ಒಣ ಮೈಯನ್ನು ಸರ್ರನೆ ಅಡಿಗೆ ತೂರಿಸಿದಳು. ಅಲ್ಲಿಂದಲೇ ರಾಜಾಜ್ಞೆ: "ನಾಳೆಯ ಭಾರ ಇವತ್ತೇ ಬೇಕು. ಯಾರೆಲ್ಲ ಹೋಗ್ತೀರೋ ಅವರೆಲ್ಲ ಒಳಗೆ ಕೂತುಕೊಳ್ಳಿ!"

ಓಸ್ವಾಲ್ಡ್ ಕೂತ. ಅವನ ಹೆಂಡತಿ ಸೋನಿಯಾ ಕೂತಳು. ಶರೋನ್ ಕೂತಳು. ಕಾರು ನಿಟ್ಟುಸಿರು ಬಿಟ್ಟು ಎರಡು ಇಂಚು ಕುಸಿಯಿತು.

ಒಂದು, ಎರಡು, ಮೂರು ಬೋಲ್ಟು ಬಿಗಿಯಾದವು. ಅಷ್ಟರಲ್ಲಿ ಗ್ರೀಸಿನ ಮುದ್ದೆಯೊಂದು ಮೂಗಿನ ಮೇಲೆ ಬಿತ್ತು. ಬೆನ್ನಿಗೆ ಕೆಂಪಿರುವೆ ಹತ್ತಿತು. ಹೊರಗೆ ಜಾರಲು ನೋಡಿದರೆ ಎದೆಗೂ ಕಬ್ಬಿಣಕ್ಕೂ ಕೈಬೆರಳಿನಷ್ಟೂ ಎಡೆಯಿಲ್ಲ.

"ಇಳಿಯಿರಿ ಎಲ್ಲರೂ! ನಾನು ಹೊರಗೆ ಬರಬೇಕು!"

ಮೇಲಿನಿಂದ ಸೀಟು ಕಿರುಗುಟ್ಟಿತು. ಓಸ್ವಾಲ್ಡ್ ಆರಾಮಾಗಿ ಕಾಲು ಚಾಚಿಕೊಳ್ಳುತ್ತಿದ್ದ.

"ಎಷ್ಟಾಯಿತು, ಮಾಂಯ್?"

"ಮೂರು!"

"ಇನ್ನೊಂದು ಉಂಟಲ್ವಾ? ನಾವು ಇಳಿದರೆ ಭಾರ ಹೋಗ್ತದೆ. ನಿಧಾನಕ್ಕೆ ಮಾಡಿ, ನಮಗೆ ಅವಸರ ಇಲ್ಲ."